ಕಸ ಗುಡಿಸುವ ಕೈಯೇ ವೈರಸ್ಸಿಗೆ ಆಸರೆ

ಗಬ್ಬದ 50ರಿಂದ 70ನೇ ದಿನದ ಹೊತ್ತಿಗೆ ತಾಯಿ ಹಂದಿಗೆ ಹಂದಿ ಜ್ವರದ ವೈರಸ್ ತಗುಲಿದರೆ, ತಾಯಿ ಗೆಲುವಾಗಿಯೇ ಕಾಣಬಹುದು. ಹುಟ್ಟಿದ ಮರಿಯೂ ಮೊಲೆ ಉಣ್ಣುತ್ತದೆ, ಓಡಾಡುತ್ತದೆ. ಆದರೆ ಅದರ ರಕ್ತದ ತುಂಬ ವೈರಸ್. ರೋಗನಿರೋಧಕ ಶಕ್ತಿ ಬಲಿಯುವ ಮುಂಚೆಯೇ ಒಳಹೊಕ್ಕ ವೈರಸ್ಸನ್ನು ಆ ಮೈ ತನ್ನದೇ ಎಂದು ಒಪ್ಪಿಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಬದುಕಿ, ಸೊರಗಿ ಸಾಯುವತನಕ ಆ ಮರಿ ದೊಡ್ಡಿಗೆಲ್ಲ ಸೋಂಕು ಹಂಚುತ್ತಿರುತ್ತದೆ.

ಜೀವಕೋಶವನ್ನು ಕೊಲ್ಲದೆ ಅದರಲ್ಲೇ ಬಾಳುವ ವೈರಸ್ಸಿನ ಈ ಉಪಾಯದ ಒಂದು ಎಳೆ ಕಳೆದ ದಶಕದಲ್ಲಿ ಕೈಗೆ ಸಿಕ್ಕಿದೆ: ಆಟೋಫೇಜಿ. ಜೀವಕೋಶ ತನ್ನ ಸವೆದ ಭಾಗಗಳನ್ನು ಎರಡು ಪದರದ ಪೊರೆಯಲ್ಲಿ ಕಟ್ಟಿ ಕರಗಿಸಿಕೊಳ್ಳುವ ಈ ಕೆಲಸಕ್ಕೆ 1963ರಲ್ಲಿ ಹೆಸರಿಟ್ಟವರು ಕ್ರಿಶ್ಚಿಯನ್ ಡಿ ಡುವ್. ಯೀಸ್ಟ್‌ನಲ್ಲಿ ಅದರ ವಂಶವಾಹಿಗಳನ್ನು ಹುಡುಕಿದ ಯೊಶಿನೊರಿ ಓಸುಮಿ ಅವರಿಗೆ 2016ರ ನೊಬೆಲ್ ಬಂತು.

ಹಂದಿಯ ಮೂತ್ರಪಿಂಡದಿಂದ ಬೆಳೆಸಿದ ಪಿಕೆ-15 ಕೋಶಗಳಲ್ಲಿ ಆಟೋಫೇಜಿಯ ಎಲ್‌ಸಿ3 ಪ್ರೋಟೀನಿಗೆ ಹಸಿರು ಹೊಳಪು ಅಂಟಿಸಿ ನೋಡಿದರೆ, ಮೊದಲು ಮಂಜಿನಂತೆ ಹರಡಿದ್ದ ಹಸಿರು, ಸೋಂಕು ತಗುಲಿದ ಮೇಲೆ ಚುಕ್ಕೆ ಚುಕ್ಕೆಯಾಗಿ ಒಟ್ಟುಗೂಡುತ್ತದೆ. ಆ ಚುಕ್ಕೆಗಳೇ ಕಸದ ಚೀಲಗಳು. 2014ರ ಹೊತ್ತಿಗೆ ಚೀನಾದ ವಿಜ್ಞಾನಿಗಳು ವೈರಸ್ಸಿನ ಎನ್‌ಎಸ್5ಎ, ಇ2 ಪ್ರೋಟೀನುಗಳನ್ನು ಆ ಪೊರೆಗಳ ಮೇಲೆಯೇ ಕಂಡರು. ಆಟೋಫೇಜಿಗೆ ಬೇಕಾದ ಎಲ್‌ಸಿ3 ಅಥವಾ ಬೆಕ್ಲಿನ್-1 ಪ್ರೋಟೀನನ್ನು ತಗ್ಗಿಸಿದಾಗ ವೈರಸ್ಸಿನ ಇಳುವರಿ ಇಳಿಯಿತು. ಆಮೇಲೆ ಗೊತ್ತಾದದ್ದು ನಮ್ಮ ಮಟ್ಟಿಗೆ ಇನ್ನೂ ದೊಡ್ಡದು: ಆಟೋಫೇಜಿ ತಡೆದರೆ ಸೋಂಕಿತ ಕೋಶ ತಾನಾಗಿ ಸಾಯತೊಡಗುತ್ತದೆ. ಅಂದರೆ ವೈರಸ್ ತನ್ನ ಮನೆಯನ್ನು ನಿಲ್ಲಿಸಿಕೊಳ್ಳುವುದೂ ಆಟೋಫೇಜಿಯ ಆಸರೆಯಿಂದಲೇ.



ಇದೆಲ್ಲ ಬಹುಪಾಲು ಗಾಜಿನ ತಟ್ಟೆಯ ಸತ್ಯ. ಕೆಲವು ದಿನಗಳ ಪ್ರಯೋಗದಿಂದ 114 ದಿನಗಳ ಗಬ್ಬದ ಕಥೆಯನ್ನು ಊಹಿಸುವುದು ಅವಸರವಾದೀತು. ಆಟೋಫೇಜಿ ತಡೆಯುವ ಔಷಧಿಯ ಮಾತೂ ಅಷ್ಟೇ: ಆರೋಗ್ಯವಂತ ಕೋಶಕ್ಕೂ ಅದೇ ಕೆಲಸ ಬೇಕು.

ಕೊಡಗಿನಲ್ಲಾಗಲಿ ಈಶಾನ್ಯ ರಾಜ್ಯಗಳಲ್ಲಾಗಲಿ ಹಂದಿ ಸಾಕುವವರಿಗೆ ಇವತ್ತು ಇರುವ ಆಸರೆ ಲಸಿಕೆ. ಹಿಂದೆ ಅದಕ್ಕಾಗಿ ಮೊಲಗಳನ್ನು ಕೊಂದು ಗುಲ್ಮ ತೆಗೆಯಬೇಕಿತ್ತು, ಒಂದು ಮೊಲಕ್ಕೆ ಸುಮಾರು 50 ಡೋಸು. ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಕೋಶ ಆಧಾರಿತ ಲಸಿಕೆ 2020ರಲ್ಲಿ ಬಂದು ಆ ಇಕ್ಕಟ್ಟು ಬಿಡಿಸಿತು. ಗಬ್ಬಕ್ಕೆ ಬಿಡುವ ಮುನ್ನ ತಾಯಿಗೆ ಅದನ್ನು ಹಾಕಿಸುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಸಂಶೋಧಕರು ಇನ್ನು ಆ ಹಸಿರು ಚುಕ್ಕೆಗಳನ್ನು ಹುಡುಕಬೇಕಾದದ್ದು ಸೋಂಕಿತ ತಾಯಿಯ ಮಾಸಿನಲ್ಲಿ, ಅವಳ ಮರಿಯ ಟಾನ್ಸಿಲ್‌ನಲ್ಲಿ.