ಮನಸ್ಸು ನಿಲ್ಲದಿದ್ದರೆ ಪ್ರಾರ್ಥನೆ ಬಿಡಬೇಕೇ?

"ಫಾದರ್, ಜಪಸರಕ್ಕೆ ಕುಳಿತರೆ ಮನಸ್ಸು ನಿಲ್ಲುವುದೇ ಇಲ್ಲ. ಬಾಯಿ 'ನಮೋ ಮರಿಯಾ' ಎನ್ನುತ್ತದೆ. ಮನಸ್ಸು ಒಲೆಯ ಮೇಲಿನ ಹಾಲು, ಮಗಳ ಕಾಲೇಜು ಶುಲ್ಕ, ತೀರದ ಸಾಲ ಎಂದು ಅಲೆಯುತ್ತದೆ. ಇಂಥ ಕಪಟ ಪ್ರಾರ್ಥನೆಗಿಂತ ಸುಮ್ಮನಿರುವುದೇ ಲೇಸೆಂದು ಬಿಟ್ಟುಬಿಟ್ಟೆವು." ಮನೆಗಳ ಭೇಟಿಗೆ ಹೋದಾಗ ನಾನು ಮತ್ತೆ ಮತ್ತೆ ಕೇಳುವ ಮಾತಿದು. ಪ್ರಾಮಾಣಿಕವೆಂದು ತೋರುವ ಈ ಮಾತು ತಪ್ಪು. ಈ ತಪ್ಪಿನಿಂದಾಗಿ ನಮ್ಮ ಎಷ್ಟೋ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ನಿಂತುಹೋಗಿದೆ.

ಇದಕ್ಕಿಂತಲೂ ದೊಡ್ಡ ತಪ್ಪು ಬೋಧಿಸುವವರದು. "ಪ್ರಾರ್ಥನೆಯಲ್ಲಿ ಆನಂದ ಸಿಗದಿದ್ದರೆ ನಿನ್ನಲ್ಲಿ ವಿಶ್ವಾಸವಿಲ್ಲ, ಎಲ್ಲೋ ಪಾಪ ಅಡಗಿದೆ" ಎಂದು ಕೆಲವರು ವೇದಿಕೆಯಿಂದ ಸಾರುತ್ತಾರೆ. ಮಗುವಿನ ಜ್ವರಕ್ಕೆ ರಾತ್ರಿಯಿಡೀ ಎಚ್ಚರವಿದ್ದು, ಬೆಳಗಿನ ಬಲಿಪೂಜೆಯಲ್ಲಿ ತೂಕಡಿಸುವ ತಾಯಿ ಈ ಬೋಧನೆಯನ್ನು ಕೇಳಿ ಏನೆಂದುಕೊಳ್ಳಬೇಕು? ಅವಳ ಹೆಗಲ ಮೇಲೆ ಇನ್ನೊಂದು ಹೊರೆಯನ್ನು ಹೊರಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಪವಿತ್ರ ಗ್ರಂಥ ಹೀಗೆ ಹೇಳುವುದಿಲ್ಲ. 88ನೆಯ ಕೀರ್ತನೆ ಆನಂದದಲ್ಲಿ ಅಲ್ಲ, ಕತ್ತಲಲ್ಲಿ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ಗೆತ್ಸೆಮನೆ ತೋಪಿನಲ್ಲಿ ನಿದ್ರೆಗೆ ಜಾರಿದ ಶಿಷ್ಯರನ್ನು ಯೇಸುಸ್ವಾಮಿ ಎಚ್ಚರಿಸಿದರು, ದೇಹದ ದೌರ್ಬಲ್ಯವನ್ನು ಅರಿತುಕೊಂಡರು. ತಮ್ಮ ಬಳಿಯಿಂದ ಅವರನ್ನು ಅಟ್ಟಲಿಲ್ಲ. ಅಂದು ಸ್ವಾಮಿ ತಾವೇ ಮೂರನೆಯ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರೆಂದು ಸಂತ ಮತ್ತಾಯ ಬರೆಯುತ್ತಾನೆ. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದು, ಪವಿತ್ರಾತ್ಮರೇ ನಮ್ಮ ಪರವಾಗಿ ಬೇಡುತ್ತಾರೆ ಎಂದು ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಸಂತ ಪೌಲನು ಒಪ್ಪಿಕೊಳ್ಳುತ್ತಾನೆ.

ಸಂತರ ಬದುಕನ್ನೇ ನೋಡಿ. 16ನೆಯ ಶತಮಾನದ ಅವಿಲಾದ ಸಂತ ತೆರೇಸಾ, ಕೆಲವು ವರ್ಷಗಳ ಕಾಲ ಪ್ರಾರ್ಥನೆಯ ಗಂಟೆ ಯಾವಾಗ ಮುಗಿದೀತೆಂದು ತಾನು ಕಾಯುತ್ತಿದ್ದುದನ್ನು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಲಿಸ್ಯೂವಿನ ಸಂತ ತೆರೇಸಾ ಪ್ರಾರ್ಥನೆಯಲ್ಲಿ ನಿದ್ರಿಸುತ್ತಿದ್ದಳು. ನಿದ್ರಿಸುವ ಮಕ್ಕಳೂ ತಂದೆತಾಯಿಗೆ ಪ್ರಿಯರೇ ಎಂದು ಸಮಾಧಾನಪಟ್ಟುಕೊಂಡಳು. ಧರ್ಮಸಭೆ ಮೊದಲನೆಯವಳನ್ನು 1970ರಲ್ಲಿ, ಎರಡನೆಯವಳನ್ನು 1997ರಲ್ಲಿ ತನ್ನ ಪಂಡಿತೆಯೆಂದು ಘೋಷಿಸಿತು. ಕಲ್ಕತ್ತಾದ ಮದರ್ ತೆರೇಸಾ ದಶಕಗಳ ಕಾಲ ಆಂತರಿಕ ಕತ್ತಲೆಯನ್ನು ಅನುಭವಿಸಿದರೆಂಬುದು 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಲೋಕಕ್ಕೆ ತಿಳಿಯಿತು. 2016ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. ಇವರೆಲ್ಲರಲ್ಲೂ ವಿಶ್ವಾಸವಿರಲಿಲ್ಲ ಎನ್ನೋಣವೇ?

ಹಾಗೆಂದು ಸೋಮಾರಿತನಕ್ಕೆ ಇದು ಅನುಮತಿ ಪತ್ರವಲ್ಲ. ಬೇರಿಲ್ಲದೆ ಒಣಗಿದ ಸಸಿಯ ಸಾಮತಿಯೂ ಶುಭಸಂದೇಶದಲ್ಲಿದೆ. ಮೊಬೈಲನ್ನು ಕೈಯಲ್ಲೇ ಹಿಡಿದು, ಟಿ.ವಿ.ಯ ಸದ್ದನ್ನಷ್ಟೇ ತಗ್ಗಿಸಿ ಜಪಸರಕ್ಕೆ ಕುಳಿತವನು ಮನಸ್ಸು ಓಡುತ್ತದೆಂದು ದೂರುವುದು ನ್ಯಾಯವಲ್ಲ. ನೆರೆಯವನೊಡನೆ ಮಾತು ಬಿಟ್ಟು ವರ್ಷವಾದವನು ಮೊದಲು ಆ ಬಾಗಿಲನ್ನು ತಟ್ಟಲಿ.

ಆದರೆ ಎಲ್ಲವನ್ನೂ ಮಾಡಿದ ಮೇಲೂ ಮನಸ್ಸು ಓಡುತ್ತದೆ. ಓಡುವ ಯೋಚನೆಗಳನ್ನು ಬೆನ್ನಟ್ಟಿ ಹೋದರೆ ಅವುಗಳ ಬಲೆಗೇ ಬೀಳುತ್ತೇವೆ. ಹೃದಯಕ್ಕೆ ಮರಳಿದರೆ ಸಾಕು ಎಂಬುದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶದ ಬೋಧನೆ. ಓಡಿದ ಯೋಚನೆ ಸಾಲದ್ದೇ? ಆ ಸಾಲವನ್ನೇ ದೇವರ ಮುಂದಿಡಿ. ಮಗಳ ಶುಲ್ಕದ್ದೇ? ಮುಂದಿನ 'ನಮೋ ಮರಿಯಾ' ಅವಳಿಗಾಗಿಯೇ ಇರಲಿ. ಇಪ್ಪತ್ತು ನಿಮಿಷಗಳಲ್ಲಿ ಇಪ್ಪತ್ತು ಸಲ ಮನಸ್ಸು ಓಡಿ, ಇಪ್ಪತ್ತು ಸಲವೂ ದೇವರೆಡೆಗೆ ತಿರುಗಿದರೆ, ನೀವು ಇಪ್ಪತ್ತು ಸಲ ದೇವರನ್ನು ಆರಿಸಿಕೊಂಡಂತಾಯಿತು. ಇದು ಕಪಟವಲ್ಲ, ಪ್ರೀತಿ.

ಹಾಸಿಗೆ ಹಿಡಿದ ತಂದೆಯ ಬಳಿ ಕುಳಿತ ಮಗನಿಗೆ ಪ್ರತಿದಿನವೂ ಆನಂದವಾಗುತ್ತದೆಯೇ? ಆದರೂ ಅವನು ಬಂದು ಕೂರುತ್ತಾನೆ. ತಂದೆಗೆ ಬೇಕಾದುದೂ ಅದೇ. ಆತ್ಮೀಯರೇ, ಇಂದು ಸಂಜೆ ದೇವರ ಪೀಠದ ಮುಂದೆ ದೀಪ ಹಚ್ಚಿ ಕುಳಿತುಕೊಳ್ಳಿ. ಮನಸ್ಸು ಬರಲಿ, ಬಾರದಿರಲಿ, ನೀವು ಬನ್ನಿ.