ಕುದಿಸಿದರೆ ಫ್ಲೋರೈಡ್ ಹೋಗಲ್ಲ ಸ್ವಾಮಿ!

ಕಳೆದ ವಾರ ಸುದ್ದಿಗೆಂದು ನಮ್ಮ ತಾಲೂಕಿನ ಒಂದು ಗ್ರಾಮ ಪಂಚಾಯಿತಿಗೆ ಹೋಗಿದ್ದೆ. ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ ಎಂದು ಲ್ಯಾಬ್ ರಿಪೋರ್ಟ್ ಬಂದಿತ್ತು. ಅದಕ್ಕೆ ಪಂಚಾಯಿತಿ ಏನು ಮಾಡಿದೆ ಗೊತ್ತೇ? ಗೋಡೆಗೆ ಒಂದು ನೋಟಿಸ್ ಅಂಟಿಸಿದೆ: ‘ಸಾರ್ವಜನಿಕರು ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಶೋಧಿಸಿ ಕುಡಿಯತಕ್ಕದ್ದು.’

ಓದಿ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೆ ಪೂರ್ತಿ ಬೈಯುವ ಹಕ್ಕು ನನಗೂ ಇಲ್ಲ. ಎರಡು ವರ್ಷದ ಹಿಂದೆ ಇಂಥದ್ದೇ ಒಂದು ಪ್ರಕಟಣೆಯನ್ನು ಒಂದಕ್ಷರ ಬದಲಿಸದೆ ನಾನೇ ಪತ್ರಿಕೆಗೆ ಕಳಿಸಿದ್ದೆ. ಅದು ಅಚ್ಚೂ ಆಯಿತು. ಯಾರೂ ಕೇಳಲಿಲ್ಲ.

ಇದು ದೊಡ್ಡ ವಿಜ್ಞಾನವೇನಲ್ಲ. ಒಲೆ ಮೇಲೆ ಸಾರು ಜಾಸ್ತಿ ಹೊತ್ತು ಕುದ್ದರೆ ಏನಾಗುತ್ತದೆ? ಉಪ್ಪಾಗುತ್ತದೆ. ಹೊಸದಾಗಿ ಉಪ್ಪು ಹಾಕಿದವರು ಯಾರು? ಯಾರೂ ಇಲ್ಲ. ನೀರು ಆವಿಯಾಗಿ ಹೋಯಿತು, ಉಪ್ಪು ಅಲ್ಲೇ ಉಳಿಯಿತು. ಫ್ಲೋರೈಡ್ ಕಥೆಯೂ ಇಷ್ಟೇ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ 10 ಲೀಟರ್ ನೀರು ತಗೊಳ್ಳಿ, ಒಟ್ಟು 20 ಮಿಲಿಗ್ರಾಂ ಆಯಿತು. ಅದು ಕುದ್ದು 8 ಲೀಟರಿಗೆ ಇಳಿದರೆ ಅದೇ 20 ಮಿಲಿಗ್ರಾಂ ಈಗ 8 ಲೀಟರಿನಲ್ಲಿದೆ. ಅಂದರೆ ಲೀಟರಿಗೆ 2.5! ಗ್ಯಾಸ್ ಖರ್ಚು ಮಾಡಿ ಇನ್ನಷ್ಟು ಗಟ್ಟಿ ಫ್ಲೋರೈಡ್ ನೀರು ಕುಡಿದ ಹಾಗಾಯಿತು.

ಕುದಿಸುವುದು ತಪ್ಪು ಅಂತ ಹೇಳುತ್ತಿಲ್ಲ. ಕಾಲರಾ, ವಾಂತಿಭೇದಿ ತರುವ ರೋಗಾಣು ಕುದಿಸಿದರೆ ಸಾಯುತ್ತವೆ. ಆದರೆ ರೋಗಾಣು ಬೇರೆ, ಕರಗಿದ ಲವಣ ಬೇರೆ.

ಬಟ್ಟೆಯಲ್ಲಿ ಸೋಸಿದರೆ? ಮಣ್ಣು, ಕಸ ನಿಲ್ಲುತ್ತದೆ. ಅವು ನೀರಿನಲ್ಲಿ ತೇಲುತ್ತಿರುವ ವಸ್ತು. ಕರಗಿದ್ದು ಬಟ್ಟೆಯಲ್ಲಿ ನಿಲ್ಲಲ್ಲ. ಸಕ್ಕರೆ ನೀರು ಸೋಸಿ ನೋಡಿ, ಸಿಹಿ ಹೋಗುತ್ತದೆಯೇ?

ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟಿದ್ದನ್ನು ತೋರಿಸಿ ‘ನೋಡಪ್ಪಾ, ಕೆಟ್ಟದ್ದೆಲ್ಲ ಇಲ್ಲಿ ಕೂತಿದೆ’ ಅನ್ನುವ ಅಮ್ಮಂದಿರಿದ್ದಾರೆ. ಆ ಪದರ ಮುಖ್ಯವಾಗಿ ಸುಣ್ಣದ ಅಂಶ. ಗಡಸು ನೀರು ಕಾದಾಗ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗದ ಕಾರ್ಬೊನೇಟ್ ಆಗಿ ತಳ ಹಿಡಿಯುತ್ತದೆ. ಅದನ್ನು ನೋಡಿ ಫ್ಲೋರೈಡ್ ಹೋಯಿತು ಅಂದುಕೊಳ್ಳಬೇಡಿ.

ಇದೆಲ್ಲ ಹೈಸ್ಕೂಲ್ ಪಾಠ. ಅದೇ ಊರಿನ ಒಂಬತ್ತನೇ ಕ್ಲಾಸ್ ಹುಡುಗನನ್ನು ಕೇಳಿದೆ. ಧಾತು, ಸಂಯುಕ್ತ, ಮಿಶ್ರಣ, ಮೂರರ ವ್ಯಾಖ್ಯೆಯನ್ನೂ ಉಸಿರು ಬಿಡದೆ ಒಪ್ಪಿಸಿದ. ‘ಹಾಗಾದರೆ ನಿಮ್ಮ ನಲ್ಲಿ ನೀರು ಯಾವುದಪ್ಪಾ?’ ಅಂದೆ. ‘ಸಂಯುಕ್ತ ಸರ್, ಎಚ್ ಟು ಓ!’ ಅಂದ. ಪರೀಕ್ಷೆಯಲ್ಲಿ ಅವನಿಗೆ ಅಂಕ ಸಿಗುತ್ತದೆ. ಆದರೆ ಅವನು ಕುಡಿಯುವ ನೀರು ಮಿಶ್ರಣ. ಅದರಲ್ಲಿ ಕ್ಯಾಲ್ಸಿಯಂ ಇದೆ, ನೈಟ್ರೇಟ್ ಇದೆ, ಫ್ಲೋರೈಡ್ ಇದೆ. ಕಣ್ಣಿಗೆ ತಿಳಿಯಾಗಿ ಕಾಣುತ್ತದೆ ಅಷ್ಟೇ. ಇಷ್ಟನ್ನು ಹೇಳಿಕೊಡದ ಪಾಠ ಯಾರಿಗೆ ಬೇಕು? ಹತ್ತು ಊರಿನ ನೀರು ತಂದು ಬಟ್ಟಲಲ್ಲಿ ಬತ್ತಿಸಿ, ಉಳಿದ ಬಿಳಿ ಪುಡಿ ತೋರಿಸಲು ಮೇಷ್ಟ್ರಿಗೆ ಯಾವ ಲ್ಯಾಬೂ ಬೇಕಿಲ್ಲ.

‘ನಮ್ಮ ತಾತ ಮುತ್ತಾತ ಇದೇ ಊರಿನ ನೀರು ಕುಡಿದು ಗಟ್ಟಿಯಾಗಿದ್ದರು’ ಅನ್ನುವವರೂ ಇದ್ದಾರೆ. ಅವರು ಕುಡಿದದ್ದು ತೆರೆದ ಬಾವಿ, ಕೆರೆ ನೀರು. ನಾವು ಕುಡಿಯುತ್ತಿರುವುದು ನೂರಾರು ಅಡಿ ಆಳದ, ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತು ಅದರ ಖನಿಜ ಕರಗಿಸಿಕೊಂಡ ನೀರು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಹೋಗಿ ನೋಡಿ. ಕಂದು ಕಲೆ ಬಿದ್ದ ಹಲ್ಲಿನ ಮಕ್ಕಳು, ಕೀಲು ಹಿಡಿದು ಕೂತಲ್ಲಿಂದ ಏಳಲಾಗದ ಹಿರಿಯರು ಸಿಗುತ್ತಾರೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಬಿದ್ದ ಆ ಕಲೆ ತಾನಾಗಿ ಹೋಗುವುದಿಲ್ಲ.

‘ಶುದ್ಧ ನೀರಿನ ಘಟಕ ಹಾಕಿದ್ದೇವಲ್ಲ’ ಅನ್ನುತ್ತಾರೆ ಅಧಿಕಾರಿಗಳು. ಸರಿ, ಆರ್‌ಒ ಘಟಕ ಫ್ಲೋರೈಡ್ ತೆಗೆಯುತ್ತದೆ, ಒಪ್ಪಿದೆ. ಆದರೆ ಪೊರೆ ಹಾಳಾದರೆ ತೆಗೆಯಲ್ಲ. ಪೊರೆ ಬದಲಿಸಿದ್ದು ಯಾವಾಗ ಎಂದರೆ ಉತ್ತರವಿಲ್ಲ. ಟಿಡಿಎಸ್ ಮೀಟರ್ ಅದ್ದಿ ನಂಬರ್ ತೋರಿಸುತ್ತಾರೆ. ಆ ಮೀಟರ್ ಕರಗಿದ ಲವಣಗಳೆಲ್ಲ ಸೇರಿ ಎಷ್ಟು ಎಂದು ಅಂದಾಜು ಹೇಳುತ್ತದೆ, ಫ್ಲೋರೈಡ್ ಎಷ್ಟು ಎಂದು ಹೇಳಲ್ಲ. ಟಿಡಿಎಸ್ 400 ಇದ್ದೂ ಫ್ಲೋರೈಡ್ ಮಿತಿ ಮೀರಿರಬಹುದು. ಇನ್ನು ಘಟಕ ಹೊರಗೆ ಬಿಡುವ ಗಟ್ಟಿ ಲವಣದ ನೀರು ಚರಂಡಿಯಲ್ಲಿ ಹರಿದು ಮತ್ತೆ ಅದೇ ನೆಲಕ್ಕೆ ಇಳಿಯುತ್ತಿದೆ.

ಹಾಗಾದರೆ ಏನು ಕೇಳಬೇಕು? ಮೂರೇ ಮಾತು.

ಒಂದು, ಆ ‘ಕುದಿಸಿ ಕುಡಿಯಿರಿ’ ನೋಟಿಸ್ ಕಿತ್ತು, ಫ್ಲೋರೈಡ್ ಇರುವ ಬೋರ್‌ವೆಲ್‌ಗೆ ‘ಕುಡಿಯಲು, ಅಡುಗೆಗೆ ಬೇಡ’ ಎಂದು ಬರೆಸಿ.

ಎರಡು, ಪ್ರತಿ ಘಟಕದ ಮುಂದೆ ಫ್ಲೋರೈಡ್ ಪ್ರಮಾಣ, ಪರೀಕ್ಷೆಯ ದಿನಾಂಕ, ಪೊರೆ ಬದಲಿಸಿದ ದಿನಾಂಕ ಬರೆದ ಬೋರ್ಡ್ ಹಾಕಲಿ. ಭಾರತೀಯ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5, ಅದರಾಚೆ ಇಲ್ಲ. ಆ ಬೋರ್ಡನ್ನು ಊರಿನವರೇ ಓದಿಕೊಳ್ಳುತ್ತಾರೆ.

ಮೂರು, ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಿಟ್ ಬಳಸುವ ತರಬೇತಿ ಕೊಡಬೇಕು ಎಂದಿದೆ. ನಿಮ್ಮೂರಿನ ಆ ಐವರು ಯಾರು, ಕಿಟ್ ಎಲ್ಲಿದೆ ಎಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ನಾನು ಮೊದಲು ಆ ಹಳೆಯ ಸುದ್ದಿಗೆ ತಿದ್ದುಪಡಿ ಬರೆದು ಕಳಿಸುತ್ತೇನೆ.