ಪರೀಕ್ಷೆಯಲ್ಲಿ ಪಾಸು, ಮನೆಯಲ್ಲಿ ಮರೆವು

ಕೋವಿಡ್ ಬಂದು ವಾಸಿಯಾದ ಮೇಲೆ "ಮೊದಲಿನ ಹಾಗೆ ತಲೆ ಓಡುತ್ತಿಲ್ಲ" ಎನ್ನುವವರು ನಿಮ್ಮ ಮನೆಯಲ್ಲಿಯೋ ಪಕ್ಕದ ಮನೆಯಲ್ಲಿಯೋ ಇರಬಹುದು. ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಗುತ್ತದೆ. ಮಾತಿನ ನಡುವೆ ಬೇಕಾದ ಪದ ನಾಲಿಗೆಗೆ ಬರುವುದಿಲ್ಲ. ಕಚೇರಿಯಲ್ಲಿ ಒಂದೇ ಲೆಕ್ಕವನ್ನು ಮೂರು ಸಲ ಕೂಡಬೇಕಾಗುತ್ತದೆ. ವೈದ್ಯರ ಬಳಿ ಹೋದರೆ ಹತ್ತು ನಿಮಿಷದ ಒಂದು ಪರೀಕ್ಷೆ ನಡೆಯುತ್ತದೆ. 30ಕ್ಕೆ 27 ಅಂಕ ಬರುತ್ತದೆ. "ಏನೂ ತೊಂದರೆಯಿಲ್ಲ" ಎಂಬ ಚೀಟಿ ಹಿಡಿದು ಮನೆಗೆ ಬಂದರೆ, "ಹಾಗಾದರೆ ಇಷ್ಟು ದಿನ ಹೇಳಿದ್ದೆಲ್ಲ ನೆಪವೇ?" ಎಂದು ಮನೆಯವರು ಕೇಳುತ್ತಾರೆ.

ನೆಪವಲ್ಲ. ಹಾಗೆಂದು ಚೀಟಿಯೂ ಸುಳ್ಳಲ್ಲ. ರೋಗಿಯ ದೂರು ಮತ್ತು ಪರೀಕ್ಷೆಯ ಅಂಕ ಎರಡೂ ಒಂದನ್ನೇ ಅಳೆಯುತ್ತವೆ ಎಂದು ತಿಳಿದಿರುವುದರಿಂದಲೇ ಈ ಜಗಳ.

ಕೋವಿಡ್ ತಗುಲಿ ಮೂರು ತಿಂಗಳಾದರೂ ಲಕ್ಷಣಗಳಿದ್ದು, ಅವು ಎರಡು ತಿಂಗಳಾದರೂ ಮುಂದುವರಿದು, ಬೇರೆ ಕಾರಣ ಸಿಗದಿದ್ದರೆ ಅದನ್ನು ದೀರ್ಘ ಕೋವಿಡ್ ಎನ್ನಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಆಯಾಸ, ಏದುಸಿರಿನ ಜೊತೆಗೆ ಮರೆವು, ಗಮನದ ಕೊರತೆಯೂ ಅದರ ಮುಖ್ಯ ಲಕ್ಷಣಗಳೇ.

ಈಗ ಆ ಹತ್ತು ನಿಮಿಷದ ಪರೀಕ್ಷೆಯನ್ನು ನೋಡೋಣ. ಗಡಿಯಾರದ ಚಿತ್ರ ಬರೆಯುವುದು, ಐದು ಪದಗಳನ್ನು ನೆನಪಿಟ್ಟುಕೊಳ್ಳುವುದು, ನೂರರಿಂದ ಏಳೇಳು ಕಳೆಯುತ್ತಾ ಹೋಗುವುದು – ಇದು ಕೆನಡಾದ ಮಾಂಟ್ರಿಯಲ್‌ನಲ್ಲಿ ರೂಪುಗೊಂಡ ಪರೀಕ್ಷೆ. 26 ಅಥವಾ ಹೆಚ್ಚು ಅಂಕ ಬಂದರೆ ಸಹಜ. ವಯಸ್ಸಾದವರಲ್ಲಿ ಆರಂಭದ ಮರೆವನ್ನು ಹಿಡಿಯಲು ಇದು ಒಳ್ಳೆಯ ಸಾಧನ. ಆದರೆ ಮೂವತ್ತೈದರ ಲೆಕ್ಕಿಗನನ್ನು ಇದು ಇತರರೊಂದಿಗೆ ಹೋಲಿಸುತ್ತದೆಯೇ ಹೊರತು ಕಾಯಿಲೆಗೆ ಮುಂಚಿನ ಅವನೊಂದಿಗೆ ಹೋಲಿಸುವುದಿಲ್ಲ. ಚುರುಕಾಗಿದ್ದವನು ಸಾಧಾರಣಕ್ಕೆ ಇಳಿದರೂ ಪಾಸಾಗುತ್ತಾನೆ. ಮೇಲಾಗಿ ಅದು ನಿಶ್ಶಬ್ದ ಕೋಣೆ, ಬೆಳಗಿನ ಹೊತ್ತು. ಮನೆ ಮುಂದೆ ಒಂದೇ ಕಿಕ್‌ಗೆ ಶುರುವಾಗುವ ಸ್ಕೂಟರು ಘಾಟಿ ಏರುವಾಗ ಕೈಕೊಡುವುದಿಲ್ಲವೇ?

ಜರ್ಮನಿಯ ಯೇನಾ ನಗರದ ದೀರ್ಘ ಕೋವಿಡ್ ರೋಗಿಗಳನ್ನು ಒಳಗೊಂಡು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಮರೆವಿಗಿಂತ ನಿಧಾನ. ಪರದೆಯ ಮೇಲೆ ಗುರುತು ಕಂಡೊಡನೆ ಗುಂಡಿ ಒತ್ತುವಷ್ಟು ಸರಳ ಕೆಲಸದಲ್ಲೂ ಅವರು ಬಹಳ ಹಿಂದುಳಿದಿದ್ದರು. ಗಡಿಯಾರದ ಚಿತ್ರ ಇದನ್ನು ತೋರಿಸಲಾರದು.

ಅದೇ ವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಇಂಗ್ಲೆಂಡಿನ 1,12,964 ಮಂದಿಯ ಪರೀಕ್ಷಾ ಫಲ ಪ್ರಕಟಿಸಿದರು. ಕೋವಿಡ್ ಬಾರದವರಿಗೆ ಹೋಲಿಸಿದರೆ, ಲಕ್ಷಣ ಉಳಿದವರು ಐ.ಕ್ಯೂ. ಲೆಕ್ಕದಲ್ಲಿ ಸುಮಾರು 6 ಅಂಕ ಕಡಿಮೆ, ತೀವ್ರ ನಿಗಾ ಘಟಕದಲ್ಲಿದ್ದವರು 9 ಅಂಕ ಕಡಿಮೆ. ಗುಣವಾಯಿತು ಎಂದವರಲ್ಲೂ 3 ಅಂಕದ ಕೊರತೆ! ಅಂದರೆ ದೂರದೆಯೂ ಸ್ವಲ್ಪ ಕಳೆದುಕೊಂಡವರಿದ್ದಾರೆ. ಕಾಯಿಲೆಗೆ ಮುಂಚೆ ಇವರನ್ನು ಪರೀಕ್ಷಿಸಿರಲಿಲ್ಲ ಎಂಬುದನ್ನೂ ಮರೆಯಬಾರದು.

ಇನ್ನು ರೋಗಿಗಳಿಗೆ ಒಂದು ಮಾತು. ನಮ್ಮ ಮರೆವನ್ನು ನಾವೇ ಅಳೆಯುವುದು ಕಷ್ಟ. ಮರೆವಿನ ದೂರು ಎಷ್ಟೋ ಸಲ ಪರೀಕ್ಷೆಯ ಅಂಕಕ್ಕಿಂತ ಆಯಾಸ, ನಿದ್ರಾಹೀನತೆ, ಖಿನ್ನತೆಗಳ ಜೊತೆ ಹೆಚ್ಚು ಹೊಂದುತ್ತದೆ. ವೈದ್ಯರು "ಮನಸ್ಸಿಗೆ ಬೇಸರವಿದೆಯೇ?" ಎಂದು ಕೇಳಿದರೆ "ನನಗೆ ಹುಚ್ಚೇ?" ಎಂದು ಸಿಡುಕುವುದು ಸರಿಯಲ್ಲ. ಖಿನ್ನತೆಯೂ ಕಾಯಿಲೆಯೇ, ಅದಕ್ಕೆ ಔಷಧವಿದೆ. ಥೈರಾಯ್ಡ್ ದೋಷ, ಬಿ-12 ಕೊರತೆ, ರಕ್ತಹೀನತೆ, ಗೊರಕೆಯೊಡನೆ ಉಸಿರುಕಟ್ಟುವ ನಿದ್ದೆ, ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳು – ಇವೂ ತಲೆಯನ್ನು ಮಂಕಾಗಿಸುತ್ತವೆ. ಎಲ್ಲವನ್ನೂ ಕೋವಿಡ್ಡಿನ ತಲೆಗೆ ಕಟ್ಟಿದರೆ ವಾಸಿಯಾಗುವುದೂ ವಾಸಿಯಾಗದೆ ಉಳಿದೀತು. ಮಾತು ತೊದಲಿ, ಬಾಯಿ ಸೊಟ್ಟಗಾಗಿ ದಿಢೀರನೆ ಗೊಂದಲ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ, ಅದು ಪಾರ್ಶ್ವವಾಯುವಿರಬಹುದು.

ವೈದ್ಯರಲ್ಲಿಗೆ ಹೋಗುವ ಮುಂಚೆ ಒಂದು ವಾರ ಬರೆದಿಡಿ: ಯಾವ ಹೊತ್ತಿನಲ್ಲಿ, ಯಾವ ಕೆಲಸದಲ್ಲಿ ತಪ್ಪಾಯಿತು, ಹಿಂದಿನ ರಾತ್ರಿ ಎಷ್ಟು ನಿದ್ದೆ ಬಂತು. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ನಿಮಗೆ ಕಾಣದ್ದು ಅವರಿಗೆ ಕಂಡಿರುತ್ತದೆ. ಸಣ್ಣ ಪರೀಕ್ಷೆಯಲ್ಲಿ ಪಾಸಾಗಿಯೂ ಕೆಲಸ ಸಾಗದಿದ್ದರೆ ಗಮನ, ವೇಗಗಳನ್ನು ಅಳೆಯುವ ದೀರ್ಘ ಪರೀಕ್ಷೆ ಕೇಳಿ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲೇ ನಮ್ಮ ಜನರ ವಯಸ್ಸು, ಓದಿಗೆ ತಕ್ಕ ಅಳತೆಗಳಿರುವ ಪರೀಕ್ಷಾ ಸರಣಿಯನ್ನು ಪ್ರಕಟಿಸಿದೆ. ಜ್ಞಾಪಕಶಕ್ತಿಯ ಟಾನಿಕ್ಕಿಗೆ ಹಣ ಸುರಿಯಬೇಡಿ.

ವೈದ್ಯ ಮಿತ್ರರಲ್ಲೂ ಒಂದು ವಿನಂತಿ. ಚೀಟಿಯಲ್ಲಿ "ದೋಷವಿಲ್ಲ" ಎಂದು ಬರೆಯುವ ಬದಲು ಯಾವ ಪರೀಕ್ಷೆ ಮಾಡಿದಿರಿ, ಅದರಲ್ಲಿ ದೋಷ ಕಾಣಲಿಲ್ಲ ಎಂದು ಬರೆಯಿರಿ. ಆ ಒಂದು ಸಾಲನ್ನು ನೋಡಿಯೇ ಕಚೇರಿಯವರು ರಜೆ ಕೊಡುವುದು ಅಥವಾ ಕೊಡದಿರುವುದು.